ನೀಲಿ ಜಾಕೆಟ್ಟಿನ ಮಣ್ಣು

ನೋಯ್ಡಾ, ಸೆಕ್ಟರ್ 29
18 ನವೆಂಬರ್ 2025, ಮಂಗಳವಾರ ಮಧ್ಯಾಹ್ನ

ಮಗಳೇ ಹರ್ಷಿಣಿ,

ಈ ಕಾಗದ ಓದುವ ಮೊದಲು ಕೋಣೆಯ ಬಾಗಿಲು ಹಾಕಿಕೊ. ಪಕ್ಕದಲ್ಲಿ ನಿನ್ನ ಗೆಳತಿ ಅದಿತಿ ಇದ್ದರೆ ಏನಾದರೂ ತರಲು ಹೊರಗೆ ಕಳಿಸು. ನಾನು ಆರಾಮಾಗಿದ್ದೇನೆ, ಬಿಪಿ ಮಾತ್ರೆ ತಪ್ಪಿಸಿಲ್ಲ, ಮಂಡಿನೋವು ಇದ್ದಷ್ಟೇ ಇದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನೀನು ಗಾಬರಿಯಾಗದೆ ಮುಂದೆ ಓದುತ್ತೀಯ ಎಂದು ಬರೆದೆ.

ಸಂಜೆ ಆರಕ್ಕೆ ತನ್ಮಯ್ ಬಂದು ಇದನ್ನು ಒಯ್ಯುತ್ತಾನೆ. ನಾಳೆ ನಿಮ್ಮ ಆಫೀಸಿನ ಯಾವುದೋ ಯಂತ್ರ ತಲುಪಿಸಲು ಗೋವಾಕ್ಕೆ ಬರುತ್ತಾನಲ್ಲ, ಅದರ ಜೊತೆ ಈ ಲಕೋಟೆಯೇನೂ ಭಾರವಾಗದು ಎಂದೆ. ಆಂಟಿ, ಫೋನ್ ಇದೆಯಲ್ಲ ಎಂದು ನಕ್ಕ. ಫೋನ್ ಇದೆ, ನಿಜ. ಭಾನುವಾರ ಹೇಳಬೇಕೆಂದೇ ಮಾಡಿದ್ದೆ. ನೀನು ಸ್ಪೀಕರಿಗೆ ಹಾಕಿ ಅಲ್ಲಿದ್ದವರಿಗೆಲ್ಲ ನನ್ನನ್ನು ಪರಿಚಯಿಸಿದೆ, ನಾನು ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನೆ ವಾಟ್ಸ್ಯಾಪಿನಲ್ಲಿ ಮೂರು ಸಲ ಬರೆದು ಮೂರು ಸಲವೂ ಅಳಿಸಿದೆ. ಏನವ್ವ ಅದು ಅಳಿಸಿದ್ದು ಎಂದು ನೀನು ಕೇಳಿದೆ. ಬೆರಳು ತಾಗಿತು ಎಂದೆ. ಸುಳ್ಳು.

ಶನಿವಾರದಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಹಾಲು ಎರಡು ಸಲ ಉಕ್ಕಿತು. ಪಾರ್ಕಿಗೆ ಹೋಗಿ ನಾಲ್ಕು ಸುತ್ತು ನಡೆಯೋಣವೆಂದರೆ ಈ ದರಿದ್ರ ಹೊಗೆ, ನಡುಮಧ್ಯಾಹ್ನವೂ ಎದುರಿನ ಬ್ಲಾಕು ಮಸುಕು ಮಸುಕು. ಹಾಗಾಗಿ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುತ್ತಿದ್ದೇನೆ. ಕೆಳಗಿನ ಮನೆಯ ರತ್ನಪ್ರಭಾ ಮೇಲೆ ಬಂದು, ಏನ್ರೀ ಬೋಜಮ್ಮ, ಮನೆಯೊಳಗೇ ಪರೇಡ್ ಶುರು ಮಾಡಿದ್ದೀರಾ ಎಂದು ಕೇಳಿ ಹೋದರು.

ಸುತ್ತಿ ಬಳಸಿದ್ದು ಸಾಕು. ಜಿಪ್ ಕೆಟ್ಟಿದೆ ಸರಿಮಾಡಿಸು ಎಂದು ನನ್ನ ಕೈಗೆ ಕೊಟ್ಟಿದ್ದೆಯಲ್ಲ ಆ ನೀಲಿ ಜಾಕೆಟ್, ಅದರ ಎಡಗಡೆ, ಎದೆಯ ಹತ್ತಿರ, ಒಳಪದರದಲ್ಲಿ ಒಂದು ಸಣ್ಣ ಪೊಟ್ಟಣವಿದೆ. ಅದರಲ್ಲಿ ಒಂದು ಚಿಟಿಕೆ ಮಣ್ಣಿದೆ. ನಮ್ಮ ಕೈಮಡದ ಮಣ್ಣು. ಹಿರಿಯರಿಗೆ ದೀಪವಿಡುವ ಆ ಪುಟ್ಟ ಗುಡಿಯ ಮುಂದೆ ಚಪ್ಪಲಿ ಬಿಡದೆ ನಿಂತು ನೀನೊಮ್ಮೆ ಬೈಸಿಕೊಂಡಿದ್ದೆ, ಅಲ್ಲಿಯದು. ಅಟ್ಟಾ ಮಾರ್ಕೆಟ್ಟಿನ ಟೈಲರ್ ಕಿಶನ್ ಹೊಸ ಜಿಪ್ ಹಾಕುವಾಗ ಇದನ್ನೂ ಒಳಗಿಟ್ಟು ಹೊಲಿಸಿದೆ. ಅವನು ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, ತಾವೀಜಾ ಆಂಟಿಜೀ ಎಂದ. ತಾಯಿತವೆಂದೇ ತಿಳಿದುಕೊ ಭಯ್ಯಾ ಎಂದೆ.

ಇದನ್ನು ನನಗೆ ಹೇಳಿಕೊಟ್ಟವರು ನನ್ನ ಅತ್ತೆ. ಅವರು ಮಾವನ ಪಟ್ಟಾಳದ ಕೋಟಿಗೆ ಹೊಲಿಯುತ್ತಿದ್ದರು. ಮದುವೆಯಾದ ವರ್ಷ ನಿನ್ನ ಅಪ್ಪ ಗಡಿಗೆ ಹೊರಟಾಗ, ಮದುವೆಯಲ್ಲಿ ಅವರು ಸೊಂಟಕ್ಕೆ ಕಟ್ಟಿದ್ದ ಕೆಂಪು ರೇಷ್ಮೆಯ ಚೇಲೆಯ ಅಂಚಿನಿಂದ ಅತ್ತೆ ಒಂದು ತುಂಡು ಕತ್ತರಿಸಿ ಅದರಲ್ಲಿ ಮಣ್ಣು ಕಟ್ಟಿ ನನ್ನ ಕೈಗಿತ್ತರು. ಗಂಡನಿಗೆ ಹೇಳಬೇಡ, ಸುಮ್ಮನೆ ಹೊಲಿ ಎಂದರು. ಹೊಲಿದೆ. ಹನ್ನೆರಡು ವರ್ಷ, ಹಿಮದ ಪೋಸ್ಟಿಗೂ ಮರಳುಗಾಡಿಗೂ ಹೋದಾಗಲೆಲ್ಲ ಹೊಲಿದೆ. ನಿನ್ನ ಅಪ್ಪ ಪ್ರತಿ ಸಲ ತಿರುಗಿ ಬಂದರು. ಆ ಕೊನೆಯ ಸಲದ ಮಾತು ಈಗ ಬೇಡ. ನೀನೂ ಹಿಮದ ಕಡೆಗೇ ಹೊರಟು ನಿಂತಾಗ ನನ್ನ ಕೈ ಸುಮ್ಮನಿರಲಿಲ್ಲ, ಅಷ್ಟೇ.

ಶನಿವಾರದವರೆಗೆ ಇದೊಂದು ತಪ್ಪೆಂದು ನನಗೆ ಅನಿಸಿರಲೇ ಇಲ್ಲ. ಅವತ್ತು ನೀನು ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆಯಲ್ಲ, ಐದು ದೇಶದವರೂ ಕೊನೆಗೆ ಒಪ್ಪಿದರು ಎಂದು. ಆ ದಕ್ಷಿಣ ಧ್ರುವದ ಕಡೆಯ ಕಡಲಲ್ಲಿ ಸಿಗಡಿಯಂಥ ಕ್ರಿಲ್ ಎಷ್ಟಿದೆ, ಪೆಂಗ್ವಿನ್ ಎಷ್ಟಿವೆ ಎಂದು ಒಂದೇ ಹಡಗಿನಲ್ಲಿ ಕೂತು ಎಲ್ಲರೂ ಸೇರಿ ಎಣಿಸಬೇಕು. ಆ ಲೆಕ್ಕವನ್ನು ಐವರೂ ನಂಬಿದರೆ ಮಾತ್ರ ಮೀನುಹಡಗುಗಳು ಎಲ್ಲಿ ಬಲೆ ಬೀಸಬಾರದೆಂಬ ಗೆರೆ ಎಳೆಯಬಹುದು. ಒಬ್ಬರು ಬೇಡ ಎಂದರೂ ಎಲ್ಲ ಬಿದ್ದುಹೋಗುತ್ತದೆ. ನಮ್ಮ ಸೊಸೈಟಿಯಲ್ಲಿ ಬೀದಿನಾಯಿಗಳಿಗೆ ಅನ್ನ ಎಲ್ಲಿ ಹಾಕುವುದೆಂದು ಮೂರು ವರ್ಷದಿಂದ ಮೀಟಿಂಗ್ ನಡೆಯುತ್ತಿದೆ, ಇನ್ನೂ ತೀರ್ಮಾನವಾಗಿಲ್ಲ. ಅಂಥದ್ದರಲ್ಲಿ ನೀನು ಐದು ದೇಶಗಳನ್ನು ಒಂದೇ ಮೇಜಿಗೆ ಕೂರಿಸಿದೆ ಎಂದು ನಾನು ರತ್ನಪ್ರಭಾ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆಮೇಲೆ ನೀನು ತಪಾಸಣೆಯ ಸಂಗತಿ ಹೇಳಿದೆ. ಪೆಂಗ್ವಿನ್ ಎಣಿಸಲು ಅಲ್ಲಿನ ದ್ವೀಪದಲ್ಲಿ ಇಳಿಯುವವರ ಬೂಟು, ಜೇಬು, ಹೊಲಿಗೆಯ ಸಂದು ಎಲ್ಲವನ್ನೂ ಬೇರೆ ದೇಶದವರು ಬಿಚ್ಚಿ ನೋಡಬೇಕು, ಬೀಜವಾಗಲಿ ಮಣ್ಣಾಗಲಿ ಒಂದು ಕಣವೂ ಹೊರಗಿನಿಂದ ಹೋಗಬಾರದು ಎಂಬ ನಿಯಮ ಬರೆದವಳು ನೀನು. ಒಂದು ದೇಶದವರು, ನಮ್ಮನ್ನೇನು ಕಳ್ಳರೆಂದುಕೊಂಡಿರಾ ಎಂದು ಮುನಿಸಿಕೊಂಡು ಎದ್ದು ಹೋಗುವವರಿದ್ದರು. ಅವರನ್ನು ಕೂರಿಸಲು ನೀನು ಹೇಳಿದೆಯಂತೆ, ಕೇಪ್‌ಟೌನಿನಲ್ಲಿ ಹಡಗು ಹತ್ತುವ ದಿನ ಎಲ್ಲರೆದುರು ಮೊದಲು ನನ್ನ ಬಟ್ಟೆಯನ್ನೇ ಬಿಚ್ಚಿ ನೋಡಿ, ಅದೂ ನೀವೇ ನೋಡಿ ಎಂದು. ಅವರು ನಕ್ಕು ಸಹಿ ಹಾಕಿದರು. ನೀನು ನಗುತ್ತಲೇ ಹೇಳಿದೆ. ನನಗೆ ಮಾತ್ರ ಆ ಜಾಕೆಟ್ ನೆನಪಾಯಿತು. ಅವರು ಆ ಜಾಕೆಟ್ಟಿನ ಒಳಪದರ ತಡವಿದರೆ ಕೈಗೆ ಸಿಗುವುದು ನನ್ನ ಗಂಟು. ನಿಯಮ ಬರೆದವಳ ಎದೆಯ ಮೇಲೇ ಮಣ್ಣು. ಅವರು ಮತ್ತೆ ಎದ್ದು ಹೋಗಲು ಅದಕ್ಕಿಂತ ಬೇರೆ ನೆಪ ಬೇಕೇ?

ಬಚ್ಚಿಡುವುದಿಲ್ಲ, ಸುಮ್ಮನಿದ್ದುಬಿಡೋಣವೆಂದೂ ಯೋಚಿಸಿದೆ. ಕಿಶನ್‌ನ ಹೊಲಿಗೆ ಸಣ್ಣದು, ಯಾರಿಗೂ ಗೊತ್ತಾಗಲಿಕ್ಕಿಲ್ಲ. ಕಡಲೆಕಾಳಿನಷ್ಟು ಮಣ್ಣಿನಿಂದ ಅಷ್ಟು ದೊಡ್ಡ ಕಡಲಿಗೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಫೋನ್ ಇಟ್ಟ ಮೇಲೆ ಅದನ್ನೇ ನಂಬಿಕೊಂಡಿದ್ದೆ. ಸೋಮವಾರ ಬ್ಯಾಂಕಿನ ಕೆಲಸಕ್ಕೆ ದಿಲ್ಲಿಗೆ ಹೋಗಿದ್ದೆ, ಕ್ಯಾಬು ರಿಡ್ಜ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿತು. ಎರಡೂ ಕಡೆ ಕೀಕರ್. ನೀನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಇದೇ ರಸ್ತೆಯಲ್ಲಿ ನನಗೆ ಪಾಠ ಮಾಡಿದ್ದೆ. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುತ್ತಾರಲ್ಲ ಅದೇ ಇದು, ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೊರಗಿನಿಂದ ತಂದು ಬಿತ್ತಿದರು, ಈಗ ಇಲ್ಲಿನ ಒಂದು ಮರವೂ ಏಳದಂತೆ ಮಾಡಿದೆ, ಕಿತ್ತಷ್ಟೂ ಬರುತ್ತದೆ ಎಂದು. ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳಿಗೇ ಪಾಠ ಹೇಳುತ್ತೀಯಾ ಎಂದು ನಾನು ರೇಗಿಸಿದ್ದೆ. ಕ್ಯಾಬಿನಲ್ಲಿ ಕೂತು ಆ ಮುಳ್ಳುಗಿಡಗಳನ್ನು ನೋಡುತ್ತಿದ್ದಂತೆ ನನ್ನ ಧೈರ್ಯವೆಲ್ಲ ಇಳಿದುಹೋಯಿತು. ನಾನು ಹೊಲಿಸಿದ್ದೂ ಒಳ್ಳೆಯ ಮನಸ್ಸಿನಿಂದಲೇ.

ಈಗ ಮಾಡಬೇಕಾದ್ದು ಕೇಳು. ಗುರುವಾರ ಸಂಜೆ ನಿಮ್ಮ ಬಟ್ಟೆಯ ಪೆಟ್ಟಿಗೆಗಳಿಗೆ ಸೀಲ್ ಬೀಳುತ್ತದೆ ಎಂದಿದ್ದೆಯಲ್ಲ. ಅದಕ್ಕೆ ಮೊದಲು, ಇದನ್ನು ಓದಿದ ಕೂಡಲೇ, ಆ ಹೊಲಿಗೆ ಬಿಚ್ಚು. ಬ್ಲೇಡಿನಿಂದ ಬಿಚ್ಚು, ಹಲ್ಲಿನಿಂದ ಕೀಳಬೇಡ. ಸ್ನಾನದ ಮನೆಯಲ್ಲಿ ಹಳೆಯ ಪೇಪರ್ ಹಾಸಿಕೊ, ಪೊಟ್ಟಣ ಒಡೆದು ಮಣ್ಣು ಪದರದೊಳಗೆ ಚೆಲ್ಲಿದ್ದರೆ ಆ ಜಾಕೆಟ್ಟನ್ನೇ ಬಿಟ್ಟುಬಿಡು, ಬೇರೆ ಕೊಂಡುಕೊ. ತಪ್ಪನ್ನು ನಿಮ್ಮ ತಂಡದವರಿಗೆ ಹೇಳಬೇಕು ಅನಿಸಿದರೆ ಹೇಳು. ನನ್ನ ಹೆಸರು ಹಾಕು. ನೋಯ್ಡಾದಲ್ಲೊಬ್ಬಳು ಮುದುಕಿ, ಮೇಜರ್ ಪೂಣಚ್ಚನವರ ಹೆಂಡತಿ, ಬುದ್ಧಿ ಇಲ್ಲದವಳು ಎಂದು ಬರೆದುಕೊಳ್ಳಲಿ, ನನಗೇನೂ ಬೇಜಾರಿಲ್ಲ.

ನಿನಗೆ ಕೋಪ ಬರುತ್ತದೆ. ಬರಲಿ. ನನ್ನನ್ನು ಕೇಳದೆ ನನ್ನ ಬಟ್ಟೆಯಲ್ಲಿ ಹೇಗೆ ಇಟ್ಟೆ ಎಂದು ಕೇಳುತ್ತೀಯ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನನಗೆ ಗೊತ್ತಿತ್ತು. ಮೂರು ತಿಂಗಳು ಆ ತಣ್ಣನೆಯ ಕಡಲ ಮೇಲೆ ನೀನಿರುವಾಗ ನನ್ನದು ಅಂತ ಏನೂ ನಿನ್ನ ಮೈಮೇಲೆ ಇರುವುದಿಲ್ಲ ಎನ್ನುವುದು ನನಗೆ ಸಹಿಸಲಾಗುತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಬಿಚ್ಚು. ಹತ್ತುವ ದಿನ ಅವರು ಬೇಕಾದಷ್ಟು ತಡವಿ ನೋಡಲಿ. ನೀನು ಕೈ ಎತ್ತಿ ನೆಟ್ಟಗೆ ನಿಂತುಕೊ.

ತನ್ಮಯ್ ಬರುವ ಹೊತ್ತಾಯಿತು. ಬಿಚ್ಚಿದ ಮೇಲೆ ಆಯಿತು ಎಂದು ಒಂದೇ ಒಂದು ಮಾತು ವಾಟ್ಸ್ಯಾಪಿಗೆ ಹಾಕು. ಅಲ್ಲಿಯವರೆಗೆ ನನ್ನ ಪರೇಡ್ ನಿಲ್ಲುವುದಿಲ್ಲ.

ನಿನ್ನ ಬೈಗುಳಕ್ಕೆ ಕಾದಿರುವ
ಅವ್ವ, ಬೋಜಮ್ಮ

ಮತ್ತೊಂದು ಮಾತು: ಒಂದು ಪೊಟ್ಟಣ ಎಂದು ಬರೆದೆ. ಎರಡಿವೆ. ಇನ್ನೊಂದು ನಿನ್ನ ಬೂದು ಉಣ್ಣೆ ಟೋಪಿಯ ಮಡಿಕೆಯಲ್ಲಿದೆ, ಅದನ್ನು ನಾನೇ ಕೈಯಿಂದ ಹೊಲಿದದ್ದು, ಹೊಲಿಗೆ ಸೊಟ್ಟಗಿದೆ, ಸುಲಭವಾಗಿ ಬಿಚ್ಚುತ್ತದೆ. ಆ ಪೊಟ್ಟಣ ಹತ್ತೊಂಬತ್ತು ವರ್ಷದ ಹಿಂದಿನದು. ಆ ಕೊನೆಯ ಸಲ ಮಾತ್ರ ನಾನು ಸುಮ್ಮನೆ ಹೊಲಿಯದೆ ನಿನ್ನ ಅಪ್ಪನ ಕೈಗೆ ಕೊಟ್ಟು, ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ್ದೆ. ಅವರು ನಕ್ಕು ಅದನ್ನು ಟಿವಿಯ ಮೇಲಿಟ್ಟು ಹೋದರು. ನಿನ್ನನ್ನು ಕೇಳದೆ ಇದ್ದದ್ದು ಅದಕ್ಕೇ. ಜಾಕೆಟ್ಟಿನ ಮಣ್ಣನ್ನು ಗೋವಾದ ಯಾವ ಹೂಕುಂಡಕ್ಕಾದರೂ ಹಾಕು. ಟೋಪಿಯದನ್ನು ಮಾತ್ರ ಗಂಟು ಬಿಚ್ಚಬೇಡ, ಗುರುವಾರ ತನ್ಮಯ್ ವಾಪಸು ಬರುವಾಗ ಅವನ ಕೈಯಲ್ಲಿ ಮನೆಗೆ ಕಳಿಸು.