ರೋಬೋಟಿನ ಮೊಣಕೈ

ಮಗಳಿಗೆ,

ನಾವಿಬ್ಬರೂ ಓದುತ್ತಿದ್ದ ಅಂತರಿಕ್ಷ ಕಾಮಿಕ್ಸಿನ ಈ ವಾರದ ಸಂಚಿಕೆ ಓದಿದೆ. ಓದಿದೆ ಅನ್ನುವುದಕ್ಕಿಂತ ಸಹಿಸಿಕೊಂಡೆ ಅನ್ನಬೇಕು. ನಾಯಕ ಗಗನನೌಕೆಯ ಬಾಗಿಲನ್ನು ಒದ್ದು ತೆಗೆದು ಹೊರಗೆ ಹಾರುತ್ತಾನೆ. ಒಳಗೆ ಕೂತವರ ಒಂದು ಕೂದಲೂ ಅಲುಗುವುದಿಲ್ಲ! ನನ್ನ ಗಡಿಯಾರದಂಗಡಿಗೆ ಬಂದಿದ್ದ ಪಕ್ಕದ ಕ್ಷೌರಿಕ, “ಇದನ್ನ ಬರೆದೋನಿಗೆ ತಲೆ ಮೇಲೂ ಖಾಲಿ, ಒಳಗೂ ಖಾಲಿ ಬಿಡಿ” ಅಂದ.

ಕಡೆಯ ಪುಟದಲ್ಲಿ ಓದುಗರ ಪತ್ರಗಳಿವೆ. ಹೋದ ವಾರದ ಸಂಚಿಕೆಯನ್ನು ಎಲ್ಲರೂ ಹಾಡಿ ಹೊಗಳಿದ್ದಾರೆ, ದಡ್ಡ ಶಿಖಾಮಣಿಗಳು. ಒಬ್ಬ ಮಾತ್ರ, ರೋಬೋಟಿನ ಮೊಣಕೈ ಹಿಂದುಮುಂದಾಗಿದೆ ಎಂದು ತೋರಿಸಿ, ಚಿತ್ರಕಾರನ ಚಳಿ ಬಿಡಿಸಿದ್ದಾನೆ. ಭೇಷ್ ಅಂದುಕೊಂಡೆ. ಕೆಳಗೆ ನೋಡಿದರೆ ನಿನ್ನ ಗಂಡನ ಹೆಸರು, ನಿಮ್ಮ ವಿಳಾಸ.

ನಿಮ್ಮ ಮದುವೆಯ ದಿನ, “ಲಿಫ್ಟ್ ರಿಪೇರಿ ಮಾಡೋನಿಗೆ ಬುದ್ಧಿ ಎಲ್ಲಿಂದ ಬರ್ಬೇಕು?” ಎಂದು ಎಲ್ಲರೆದುರು ಅಂದವನು ನಾನು. ಎರಡು ವರ್ಷ ನೀವು ಈ ಕಡೆ ತಲೆ ಹಾಕಲಿಲ್ಲ. ನಾನೂ ಕರೆಯಲಿಲ್ಲ.

ಅದೇ ರೋಬೋಟಿನ ಎಡಗೈಗೆ ಆರು ಬೆರಳಿವೆ. ಅದು ಅವನ ಕಣ್ಣಿಗೆ ಬಿದ್ದಿಲ್ಲ, ತಿಳಿಸು. ಭಾನುವಾರ ಇಬ್ಬರೂ ಬನ್ನಿ. ಸಂಪಾದಕನಿಗೆ ಇನ್ನೊಂದು ಪತ್ರ ಬರೆಯಬೇಕು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಅಳಿಯಂದಿರೇ ಬರೆಯಲಿ. ಕೆಳಗೆ ಇಬ್ಬರ ಸಹಿಯೂ ಇರಲಿ.

ಸಂಪಾದಕನ ಮೇಲಿನ ಸಿಟ್ಟು ಇನ್ನೂ ಇಳಿಯದ,
ಅಪ್ಪ