ಕಪ್ಪು ಗಿನಿಯಿಲಿಯನ್ನು ವೈದ್ಯನಿಗೆ ಕೊಡಬೇಡ

ಅರೆಕಿಪಾ ಆಸ್ಪತ್ರೆ

ಮೊಂಡು ತಂಗಿ ಫೊರ್ತುನಾತಾಗೆ,

ಇವತ್ತು ನನ್ನ ಎದೆಯ ಗಂಟಿಗೆ ಮೊದಲನೇ ಕರೆಂಟು, ಅದೇ ರೇಡಿಯೇಶನ್ನು, ಕೊಟ್ಟರು. ಸುಟ್ಟು ಕರಕಲಾಗ್ತೀಯ ಅಂತ ನೀನು ಹೆದರಿಸಿದ್ದೆ. ಇರುವೆ ಕಚ್ಚಿದಷ್ಟೂ ನೋವಿಲ್ಲ ಕಣೇ! ಹಲಗೆಯ ಮೇಲೆ ಅಲ್ಲಾಡದೆ ಮಲಗಿದೆ. ನಮ್ಮೂರ ನಾಟಿ ವೈದ್ಯ ಮೈಮೇಲೆ ಗಿನಿಯಿಲಿ ಆಡಿಸುವ ಹಾಗೆ ಯಂತ್ರ ನನ್ನ ಸುತ್ತ ಬಂತು, ಮುಟ್ಟಲೇ ಇಲ್ಲ.

ಶುರುವಾಗುವ ಮುಂಚೆ ನರ್ಸ್ ಮಾರಿತ್ಸಾ ಹೊರಗೋಡಿದಳು.

"ಎಲ್ಲಿಗೇ ಓಡ್ತೀಯ, ನಾನೇನು ದೆವ್ವವಾ?" ಅಂದೆ.

"ಕರೆಂಟು ನಿಮಗೊಬ್ರಿಗೇ ಅಜ್ಜಿ. ನಾನು ಆಚೆ ಟೀವಿಯಲ್ಲಿ ನಿಮ್ಮನ್ನೇ ನೋಡ್ತಿರ್ತೀನಿ" ಅಂತ ಗೋಡೆಯ ಸ್ಪೀಕರಿನಿಂದ ನಕ್ಕಳು.

ಮುಗಿದ ಮೇಲೆ ನಾನು ಅವಳನ್ನು ಕೇಳಿಯೇಬಿಟ್ಟೆ. "ರೋಗ ಯಾವುದಕ್ಕೆ ದಾಟಿತು? ನಮ್ಮಲ್ಲಿ ಗಿನಿಯಿಲಿಗೆ ದಾಟಿ ಅದು ಸಾಯುತ್ತೆ."

"ಇಲ್ಲಿ ಯಾರೂ ಸಾಯಬೇಕಾಗಿಲ್ಲ ಅಜ್ಜಿ."

ನಿನ್ನದೂ ಇದೇ ಗಂಟು, ಡಾಕ್ಟರು ನಿನಗೂ ಇದೇ ಕರೆಂಟು ಹೇಳಿದ್ದಾರೆ. ಸೋಮವಾರದ ಬಸ್ಸಿಗೆ ಹತ್ತು. ಎದೆಯ ಮೇಲೆ ಕರೆಂಟು ಬೀಳಬೇಕಾದ ಜಾಗಕ್ಕೆ ಶಾಯಿಯ ಗೆರೆ ಎಳೆಯುತ್ತಾರೆ, ತಿಕ್ಕಿ ತೊಳೆಯಬೇಡ. ನಾನು ತೊಳೆದು ಬೈಸಿಕೊಂಡೆ. ನಿನ್ನ ಗಂಟು ಇಳಿಸಲು ವೈದ್ಯನಿಗೆಂದು ಸಾಕಿದ ಆ ಕಪ್ಪು ಗಿನಿಯಿಲಿಯನ್ನು ಅವನಿಗೆ ಕೊಡಬೇಡ. ಚೆನ್ನಾಗಿ ಹುರಿದು ಬುತ್ತಿ ಕಟ್ಟಿಕೊಂಡು ಬಾ. ಇಲ್ಲಿಯ ಸಪ್ಪೆ ಸಾರು ಬಾಯಿಗೆ ಸೇರುತ್ತಿಲ್ಲ.

ಪಕ್ಕದ ಮಂಚ ಹಿಡಿದಿಟ್ಟು ಕಾಯುತ್ತಿರುವ ನಿನ್ನಕ್ಕ,
ಸತುರ್ನೀನಾ