ಗಲ್ಲ ಸುಟ್ಟದ್ದಕ್ಕೆ ನನ್ನ ಚರ್ಮವೇ ಹೊಣೆ ಎಂದವರಿಗೆ

ಜನರ ಕೈ ಸೇರುವ ಸರಕು ಸುರಕ್ಷಿತವೇ ಎಂದು ನೋಡಲು ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ಮನೆಯಲ್ಲೇ ಕೂದಲು ತೆಗೆದುಕೊಳ್ಳುವ ಲೇಸರ್ ಯಂತ್ರವೊಂದು ನನ್ನ ಮುಖ ಸುಟ್ಟಿದೆ ಎಂದು ನಾನು ಕೊಟ್ಟ ದೂರನ್ನು ತಾವು ವಿಲೇವಾರಿ ಮಾಡಿದ್ದೀರಿ. "ಸಾಧನದಲ್ಲಿ ದೋಷ ಕಂಡುಬಂದಿರುವುದಿಲ್ಲ. ದೂರುದಾರರ ಚರ್ಮವು ಸದರಿ ಸಾಧನಕ್ಕೆ ಸೂಕ್ತವಾಗಿರುವುದಿಲ್ಲ" ಎಂಬುದು ತಮ್ಮ ತೀರ್ಮಾನ. ನಾನು ತಿ. ನರಸೀಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಒಂದು ವಾಕ್ಯವನ್ನು ಎರಡು ಸಲ ಓದುವುದು ನನ್ನ ಕಸುಬು. ಎರಡನೆಯ ಸಲ ಓದಿದಾಗ ತಿಳಿಯಿತು: ತನಿಖೆ ನಡೆದಿದೆ, ತಪ್ಪಿತಸ್ಥರು ಸಿಕ್ಕಿದ್ದಾರೆ, ಅದು ನನ್ನ ಚರ್ಮ. ತಲೆಮರೆಸಿಕೊಳ್ಳುವ ಅವಕಾಶ ಅದಕ್ಕೆ ಇಲ್ಲವಾದ್ದರಿಂದ ಅದರ ಪರವಾಗಿ ನಾನೇ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಮೇಲೆ ನನ್ನ ಗಲ್ಲದಲ್ಲಿ ಕೂದಲು ಹುಟ್ಟತೊಡಗಿತು. ಗಂಡಸಿಗೆ ಬಂದರೆ ಕಳೆ ಎನ್ನುತ್ತಾರೆ. ಹೆಂಗಸಿಗೆ ಬಂದರೆ ಏನೂ ಅನ್ನುವುದಿಲ್ಲ, ನೋಡುತ್ತಾರೆ. ನಮ್ಮ ತರಗತಿಯ ಕಿಟಕಿ ಎಡಕ್ಕಿದೆ. ಬಿಸಿಲು ಬಿದ್ದಾಗ ಮುಂದಿನ ಬೆಂಚು ಪಾಠ ಬಿಟ್ಟು ನನ್ನ ಗಲ್ಲ ಓದುತ್ತಿತ್ತು. ನಾನು ಬಲಗೋಡೆಗೆ ಅಂಟಿಕೊಂಡು ಪಾಠ ಮಾಡುವುದನ್ನು ರೂಢಿಸಿಕೊಂಡೆ. ಮನೆಯಲ್ಲಿ ಅಮ್ಮ ಮಾದಮ್ಮ ದಾರ ಹಿಡಿದು ಕೀಳುತ್ತಿದ್ದಳು. ಅವಳ ಕಣ್ಣು ಮಂಜಾದ ಮೇಲೆ ಬ್ಯೂಟಿ ಪಾರ್ಲರಿಗೆ ಹೋಗತೊಡಗಿದೆ. ಅಲ್ಲಿ ಕೂತಾಗೆಲ್ಲ ಮೊಬೈಲಿನಲ್ಲಿ ಒಬ್ಬ ಬಿಳಿ ಹೆಣ್ಣುಮಗಳು ಬಂದು, ಹುಟ್ಟಿದಾರಭ್ಯ ಒಂದು ಕೂದಲನ್ನೂ ಕಂಡಿರದ ತನ್ನ ಕಾಲಿಗೆ ಯಂತ್ರ ಹಿಡಿದು ನಗುತ್ತಿದ್ದಳು. ಎಷ್ಟು ದಿನ ತಡೆದುಕೊಳ್ಳುವುದು?

ನಂಜನಗೂಡಿನ ಒಂದು ಅಂಗಡಿಯಲ್ಲಿ ಅಂಥದೇ ಯಂತ್ರ ಕೊಂಡೆ. ಅಂಗಡಿಯ ರಾಜೇಂದ್ರ ಅವರು ಸಜ್ಜನರು, ತಮ್ಮ ಮುಂಗೈಯ ಮೇಲೆಯೇ ಒತ್ತಿ ತೋರಿಸಿದರು. ಫಳ್ಳೆಂದು ಬೆಳಕು ಬಂತು. ಅವರದು ಗೋಧಿ ಬಣ್ಣ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಮನೆಗೆ ಬಂದು ಗಲ್ಲಕ್ಕೆ ಹಿಡಿದೆ. ಬೆಳಕಿಲ್ಲ, ಬದಿಯಲ್ಲಿ ಕೆಂಪು ದೀಪ ಮಾತ್ರ. ತೋಳಿಗೆ ಹಿಡಿದರೂ ಕೆಂಪು. ನನ್ನ ತಮ್ಮ ಗುರು "ಕೊಡಿಲ್ಲಿ, ನಿಂಗ್ ಗೊತ್ತಾಗಕಿಲ್ಲ" ಎಂದು ತನ್ನ ಮೊಣಕಾಲಿಗೆ ಹಿಡಿದ. ಅವನಿಗೂ ಕೆಂಪು.

"ಅದ್ಯಾಕವ್ವ ಇದು ನಮ್ಮಟ್ಟಿ ಜನ ಕಂಡ್ರೆ ಇಂಗೆ ಮುನಿಸ್ಕತದೆ?" ಎಂದು ಅಮ್ಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡುವಾಗ ಅವಳ ತಿಳಿಬಣ್ಣದ ಅಂಗೈಗೆ ತಾಗಿ ಫಳ್ಳೆಂದಿತು. ಅಮ್ಮ ಬೆಚ್ಚಿ ಕೈಬಿಟ್ಟಳು. ಆಮೇಲೆ ಅಂಗೈ ನೋಡಿಕೊಂಡು, "ಅಲ್ಲ ಕನವ್ವ, ಇಲ್ಲಿ ಕೂದ್ಲೇ ಇಲ್ವಲ್ಲ!" ಎಂದಳು. ನಮ್ಮ ಮನೆಯಲ್ಲಿ ಕೂದಲು ಎಂದೂ ಬೆಳೆಯದ ಒಂದೇ ಜಾಗದ ಕೂದಲನ್ನು ತೆಗೆಯಲು ಯಂತ್ರ ಒಪ್ಪಿತ್ತು. ಡಬ್ಬದೊಳಗಿನ ಇಂಗ್ಲಿಷ್ ಹಾಳೆಯನ್ನು ಬಿಡಿಸಿದೆ. ಅಲ್ಲಿ ಬಿಳಿಯಿಂದ ಕಪ್ಪಿನವರೆಗೆ ಚರ್ಮದ ಬಣ್ಣಗಳನ್ನು ಸಾಲಾಗಿ ಅಚ್ಚು ಮಾಡಿದ್ದರು. ಕೊನೆಯ ಎರಡರ ಮೇಲೆ ಅಡ್ಡಗೆರೆ. ನಾವು ಮೂವರೂ ಆ ಎರಡರೊಳಗೇ ಇದ್ದೆವು.

ಮರುದಿನ ಅದನ್ನು ಹಿಂದಿರುಗಿಸಲು ಹೋದೆ. ರಾಜೇಂದ್ರ ಅವರು ಸ್ವಲ್ಪವೂ ಬೇಸರಿಸಲಿಲ್ಲ.

"ಅಯ್ಯೋ ಮೇಡಂ, ಅದು ಫಾರಿನ್‌ನೋರ್ಗೆ ಮಾಡಿರೋ ಪೀಸು. ಅದ್ರಲ್ಲಿ ಸೆನ್ಸರ್ ಇರ್ತದೆ, ಬಣ್ಣ ನೋಡಿ ನಿಂತೋಯ್ತದೆ. ಇದು ತಕಳಿ, ಸೆನ್ಸರ್ ಕಾಟನೇ ಇಲ್ಲ. ನೋಡಿ, ಡಬ್ಬದ್ ಮೇಲೇ ಆಕವ್ರೆ, ಎಲ್ಲಾ ಬಣ್ಣದ ಚರ್ಮಕ್ಕೂ ಅಂತ."

ಹೌದು, ಹಾಕಿದ್ದರು. ಅದೂ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ. ಒಳಗೆ ಎಚ್ಚರಿಕೆಯ ಹಾಳೆಯೂ ಇರಲಿಲ್ಲ. ನಾನು ನಂಬಿದೆ. ಒಂದು ಯಂತ್ರ ನನ್ನನ್ನು ಬೇಡವೆಂದ ಮೇಲೆ ಇನ್ನೊಂದು ಬಾ ಎಂದರೆ ಹೋಗದಿರುವಷ್ಟು ಅಭಿಮಾನ ಗಡ್ಡವಿರುವ ಹೆಂಗಸಿಗೆ ಇರುವುದಿಲ್ಲ, ಮಾನ್ಯರೇ.

ಭಾನುವಾರ ಕನ್ನಡಿಯ ಮುಂದೆ ಕೂತು ಗಲ್ಲದ ಉದ್ದಕ್ಕೂ ಒತ್ತುತ್ತಾ ಹೋದೆ. ರಬ್ಬರ್ ಬ್ಯಾಂಡ್ ಬಡಿದಂತೆ ಚುರುಕ್ ಎನ್ನುತ್ತದೆ, ಅದು ಸಹಜ ಎಂದು ಎಲ್ಲೋ ಓದಿದ್ದೆ; ಸಹಜವೆಂದುಕೊಂಡೇ ಮುಗಿಸಿದೆ. ಸಂಜೆಯ ಹೊತ್ತಿಗೆ ಗಲ್ಲ ಒಲೆಯ ಮೇಲಿಟ್ಟಂತೆ ಉರಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆದು ಆರಿದ ಮೇಲೆ ದವಡೆಯುದ್ದಕ್ಕೂ ಯಂತ್ರದ ಬಾಯಿಯ ಆಕಾರದಲ್ಲೇ ಕಪ್ಪು ಚೌಕಗಳು ಉಳಿದವು, ತಮ್ಮ ಕಚೇರಿಯ ಮೊಹರು ಒತ್ತಿದ ಹಾಗೆ. ಕೂದಲು ಕ್ಷೇಮವಾಗಿತ್ತು. ಈಗಲೂ ಕ್ಷೇಮವಾಗಿದೆ.

ನಾನು ಮಾಸ್ಕ್ ಹಾಕಿಕೊಂಡು ಕಾಲೇಜಿಗೆ ಹೋಗತೊಡಗಿದೆ. ಆದರೆ ಬೀದಿಯ ನಲ್ಲಿಯ ಹತ್ತಿರ ಮಾಸ್ಕ್ ಯಾರು ಹಾಕುತ್ತಾರೆ? ಪಕ್ಕದ ಮನೆಯ ದೇವೀರಮ್ಮ ಒಂದು ದಿನ ಅಮ್ಮನನ್ನು ಬದಿಗೆ ಕರೆದು, "ಅಲ್ಲ ಮಾದಕ್ಕ, ಗುರು ಏನಾರಾ ಕುಡ್ಕಂಡ್ ಬಂದು ಅಕ್ಕನ್ ಮೇಲೆ ಕೈ ಮಾಡ್ತಾನಾ? ಅಂಗೇನಾರ ಇದ್ರೆ ಏಳು, ನಾಲ್ಕ್ ಜನ ಕೂರ್ಸಿ ಕೇಳ್ಸ್ತೀನಿ" ಎಂದರು. ಚಹಾ ಬಿಟ್ಟು ಬೇರೇನನ್ನೂ ಕುಡಿಯದ ನನ್ನ ತಮ್ಮ ಆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕಾಯಿತು. "ನಿಜ ಏಳ್ಬುಡಕ್ಕ" ಎಂದು ಒಂದು ದಿನ ಕೇಳಿಕೊಂಡ. ನಿಜ ಹೇಳಬೇಕಾದರೆ ಮೊದಲು ಗಡ್ಡದ ವಿಷಯ ಹೇಳಬೇಕು. ತಮ್ಮನ ಮರ್ಯಾದೆಗಿಂತ ನನ್ನ ಗಡ್ಡದ ಗುಟ್ಟು ದೊಡ್ಡದೇ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಬೆಳಗ್ಗೆ ದೇವೀರಮ್ಮನವರ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವರು ನನ್ನ ಗಲ್ಲ ಹಿಡಿದು ನೋಡಿ, "ಇಷ್ಟಕ್ಕಾ ಮೊಗ ಸುಟ್ಕಂಡೆ?" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡರು.

ಮೈಸೂರಿನ ಚರ್ಮದ ವೈದ್ಯೆ ಹೇಳಿದ್ದು ಸರಳ. ಇದು ಲೇಸರೇ ಅಲ್ಲ, ತೀಕ್ಷ್ಣವಾದ ಬೆಳಕು. ಅದು ಕೂದಲಿನ ಕಪ್ಪನ್ನು ಹುಡುಕಿಕೊಂಡು ಹೋಗಿ ಸುಡುತ್ತದೆ. ಚರ್ಮವೂ ಕಪ್ಪಗಿದ್ದರೆ ದಾರಿಯಲ್ಲೇ ಅದನ್ನು ಸುಡುತ್ತದೆ. ನಮ್ಮಂಥವರಿಗೆ ಹೊಂದುವ ಬೇರೆ ಲೇಸರ್ ಇದೆ, ಅದನ್ನು ವೈದ್ಯರೇ ಕೊಡಬೇಕು. "ಗಲ್ಲದಲ್ಲಿ ಹೀಗೆ ಕೂದಲು ಬಂದರೆ ಮೊದಲು ಹಾರ್ಮೋನ್ ಪರೀಕ್ಷೆ ಮಾಡಿಸಬೇಕಿತ್ತು, ಯಾರೂ ಹೇಳಲಿಲ್ವಾ?" ಎಂದರು. ಇಲ್ಲ. ಎಲ್ಲರೂ ನೋಡಿದ್ದರು, ಯಾರೂ ಹೇಳಿರಲಿಲ್ಲ.

ಆಮೇಲೆ ದೂರು ಹಿಡಿದು ಕಚೇರಿಗೆ ಬಂದು ತಮ್ಮನ್ನು ಕಂಡೆ. ತಾವು ಕೂರಲು ಹೇಳಿದ್ದಕ್ಕೆ ಕೃತಜ್ಞಳು. ಇದು ಔಷಧಿಯಲ್ಲ, ಸೌಂದರ್ಯವರ್ಧಕವೂ ಅಲ್ಲ, ಮಿಕ್ಸಿಯ ಹಾಗೆ ಮನೆಬಳಕೆಯ ವಿದ್ಯುತ್ ಸಾಮಾನು ಎಂದು ವಿವರಿಸಿದಿರಿ. ಮಿಕ್ಸಿಯನ್ನು ಯಾರೂ ಮುಖಕ್ಕೆ ಒತ್ತಿ ಹಿಡಿಯುವುದಿಲ್ಲ ಎಂದು ನಾನು ನಿವೇದಿಸಿದೆ. ಆಗ ತಾವು, "ನೋಡಿ ಮೇಡಂ, ನಮ್ಮನೇಲೂ ಒಂದಿದೆ. ನಮ್ ಮಿಸೆಸ್ ಯೂಸ್ ಮಾಡ್ತಾರೆ, ಏನೂ ಪ್ರಾಬ್ಲಂ ಇಲ್ಲ. ಅವ್ರು ಸ್ವಲ್ಪ ಫೇರು" ಎಂದಿರಿ. ತಮ್ಮ ಮನೆಯವರ ಕ್ಷೇಮ ತಿಳಿದು ಸಂತೋಷವಾಯಿತು. ಆದರೆ ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳ ಬಿಸಿಲಿನಲ್ಲಿ ಕಳೆ ಕೀಳುವವರಿಗೂ ಬಸ್ ಕಾಯುವವರಿಗೂ ತಮ್ಮ ಮನೆಯವರ ಮೈಬಣ್ಣವನ್ನೇ ಅಳತೆಗೋಲು ಮಾಡಬಹುದೇ? ಡಬ್ಬ 'ಎಲ್ಲ ಚರ್ಮಕ್ಕೂ' ಎನ್ನುತ್ತದೆ, ತಾವು 'ಈ ಚರ್ಮಕ್ಕಲ್ಲ' ಎನ್ನುತ್ತೀರಿ. ಇಬ್ಬರಲ್ಲಿ ಒಬ್ಬರು ಸುಳ್ಳಾಡುತ್ತಿರಬೇಕು. ಡಬ್ಬವೇ ಇರಬೇಕೆಂದು ಗೌರವದಿಂದ ಭಾವಿಸುತ್ತೇನೆ. ಹಾಗಾದರೆ ಆ ಸುಳ್ಳು ದೋಷವಲ್ಲವೇ? ಅದನ್ನು ಹಿಡಿಯಲಿಕ್ಕೆಂದೇ ಅಲ್ಲವೇ ತಮಗೊಂದು ಕುರ್ಚಿ ಇರುವುದು?

ತಮ್ಮ ಉತ್ತರ ಕೈಸೇರಿದ ದಿನ ತರಗತಿಯಲ್ಲಿ ಮಾಸ್ಕ್ ತೆಗೆದೆ. ಕಿಟಕಿಯ ಕಡೆಗೇ ಹೋಗಿ ನಿಂತು, ಗಡ್ಡದಿಂದ ಹಿಡಿದು ಬೊಬ್ಬೆಯವರೆಗೆ ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ನಗುತ್ತಾರೆಂದು ಇಷ್ಟು ವರ್ಷ ಹೆದರಿದ್ದೆ.

ಗಂಟೆ ಹೊಡೆದ ಮೇಲೆ ಹದಿನಾರು ಎಂಬ ಊರಿನಿಂದ ಬರುವ ಅರ್ಪಿತ ಎಂಬ ಹುಡುಗಿ ಎಲ್ಲರೂ ಹೋಗುವವರೆಗೆ ನಿಂತಿದ್ದಳು.

"ಮಿಸ್, ನಾನೂ ತರ್ಸಿವ್ನಿ. ಇನ್ನೂ ಡಬ್ಬ ಒಡ್ದಿಲ್ಲ."

"ಯಾತಕ್ಕಮ್ಮ?"

"ಮೀಸೆ ಮಿಸ್. ಮನೇಲಿ ಆಡ್ಕತಾರೆ."

ಅವಳ ಬಣ್ಣ ನನ್ನದಕ್ಕಿಂತ ಒಂದು ಛಾಯೆ ಗಾಢ. ಮರುದಿನ ಡಬ್ಬ ತಂದುಕೊಟ್ಟಳು. ಅದೇ ಡಬ್ಬ, ಅದೇ ದಪ್ಪ ಅಕ್ಷರ. ಅವಳನ್ನೂ ಅವಳ ತಾಯಿಯನ್ನೂ ಅದೇ ವೈದ್ಯೆಯ ಬಳಿಗೆ ಕರೆದುಕೊಂಡು ಹೋಗಿ ಬಂದೆ.

ಹೋದ ವಾರ ರಾಜೇಂದ್ರ ಅವರ ಅಂಗಡಿಗೆ ಮತ್ತೆ ಹೋದೆ. ನನ್ನ ಮುಖ ನೋಡಿ ಅವರು ನಿಜವಾಗಿ ಕುಗ್ಗಿದರು. "ಮೇಡಂ, ನಂಗೂ ಎಣ್ಮಕ್ಕಳವ್ರೆ. ಆಫೀಸ್‌ನೋರು ಮಾರ್ಬೇಡ ಅಂತ ಒಂದ್ ಮಾತು ಬರ್ದು ಕೊಡ್ಲಿ, ನಾಳೆನೇ ಎಲ್ಲಾ ವಾಪಸ್ ಕಳಿಸ್ತೀನಿ. ಅವ್ರೇ ಸರಿಯಾಗೇ ಅದೆ ಅಂದ್ರೆ ಕಂಪ್ನಿಯೋರು ವಾಪಸ್ ತಕಳಕಿಲ್ಲ" ಎಂದರು.

ಮಾನ್ಯರೇ, ಆ ಒಂದು ಮಾತನ್ನು ಬರೆಯಿರಿ. ಬಣ್ಣ ನೋಡಿ ನಿಲ್ಲದ ಯಂತ್ರಗಳ ಮಾರಾಟ ನಿಲ್ಲಿಸಿ. ಉಳಿದವುಗಳ ಡಬ್ಬದ ಹೊರಗೆ, ಯಾವ ಬಣ್ಣದವರು ಬಳಸಬಾರದು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ. ಅರ್ಪಿತಳಿಗೆ ಸುಟ್ಟ ಮುಖದ ಒಬ್ಬ ಉಪನ್ಯಾಸಕಿ ಸಿಕ್ಕಳು, ಹುಡುಗಿ ಉಳಿದುಕೊಂಡಳು. ಪ್ರತಿ ಹುಡುಗಿಗೂ ಮುಂಚಿತವಾಗಿ ಸುಟ್ಟುಕೊಂಡ ಒಬ್ಬೊಬ್ಬ ಹೆಂಗಸನ್ನು ಒದಗಿಸುವುದು ಯಾವ ಇಲಾಖೆಗೂ ಕಷ್ಟ. ಎರಡು ಸಾಲು ಅಚ್ಚು ಹಾಕಿಸುವುದು ಅಷ್ಟು ಕಷ್ಟವಲ್ಲ.

ಇಂತಿ,
ಗಡ್ಡವೂ ಉಳಿದು ಕಲೆಯೂ ಸೇರಿಕೊಂಡ,
ಯಾವ ಯಂತ್ರಕ್ಕೂ ಸೂಕ್ತಳಲ್ಲದ
ರೋಜಾ
ತಿ. ನರಸೀಪುರ